ಭಾವನವರ ಬಲೂನು ತರಬೇತಿ

ನಮ್ಮ ಭಾವನವರು ಮನಸ್ಸು ಮಾಡಿದರೆ ಹೆಣವೂ ಎದ್ದು ಕೂತು ಚಪ್ಪಾಳೆ ತಟ್ಟೀತು! ಎದ್ದ ಹೆಣ ಮುಂದೇನು ಮಾಡಬೇಕು ಎಂಬುದನ್ನು ಮಾತ್ರ ಅವರು ಹೇಳಿಕೊಡುವುದಿಲ್ಲ. ಮಲೇಷ್ಯಾದ ಸರ್ಕಾರಿ ನೌಕರರಿಗೆ ಉತ್ಸಾಹ ತುಂಬುವುದೇ ಅವರ ಉದ್ಯೋಗ. ಒಮ್ಮೆ ನಮ್ಮ ಫ್ರಿಜ್ಜು ಕೆಟ್ಟಾಗ, ರಿಪೇರಿಯವನಿಗೆ ಮೊದಲು ಕಣ್ಣು ಮುಚ್ಚಿ ಗೆಲುವನ್ನು ಕಾಣಲು ಹೇಳಿದರು. ಅವನು ಕಣ್ಣು ತೆರೆಯುವಷ್ಟರಲ್ಲಿ ಐಸ್‌ಕ್ರೀಮು ಪಾಯಸವಾಗಿತ್ತು.

ನಕ್ಕು ಸುಮ್ಮನಿದ್ದೆ, ಪುಚೊಂಗ್‌ನ ನಮ್ಮ ಪಕ್ಕದ ಮನೆಯ ತಮಿಳು ಅಕ್ಕ ಭಾವನವರ ಕೈಗೆ ಸಿಗುವವರೆಗೆ. ಅಕ್ಕ ಪುರಸಭೆಯ ಕೌಂಟರಿನಲ್ಲಿ ಕ್ಲರ್ಕು. ಅಲ್ಲಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ಅದರ ಪರೀಕ್ಷೆಯಲ್ಲಿ ಫೇಲಾದರೆ ಕೌಂಟರ್ ಬಿಟ್ಟು ಗೋಡೌನಿಗೆ ವರ್ಗ. ಕಲಿಯಲೆಂದು ಮೇಲಿನವರು ಕಳಿಸಿದ್ದು ಎಲ್ಲಿಗೆ? ಭಾವನವರ ಶಿಬಿರಕ್ಕೆ! ಅಲ್ಲಿ ಕುಣಿಸಿ ದಣಿಸಿ, ಕೊನೆಗೆ ಎಲ್ಲರೂ ತಮ್ಮ ಭಯವನ್ನು ಬಲೂನಿನ ಮೇಲೆ ಬರೆದು ಒಡೆಯಬೇಕಂತೆ. ಅಕ್ಕ ‘ಹೊಸ ಕಂಪ್ಯೂಟರ್’ ಎಂದು ಬರೆದು ಒಡೆದರು. ಸೋಮವಾರ ಹೋಗಿ ನೋಡಿದರೆ ಕಂಪ್ಯೂಟರ್ ಅಲ್ಲೇ ಇತ್ತು.

ನನಗೆ ಮೈ ಉರಿಯಿತು. ನಮ್ಮ ವಂಶದಲ್ಲಿ ಕಾಲೇಜು ಕಂಡ ಮೊದಲ ಪ್ರಾಣಿ ನಾನು. ಈಗ ನಿಲಾಯ್‌ನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದ ನನ್ನನ್ನು ದಡ ಸೇರಿಸಿದ್ದು ಚಪ್ಪಾಳೆಯೇ? ಮೇಡಮ್ಮೊಬ್ಬರು ಪಕ್ಕದಲ್ಲಿ ಕೂತು, ಬೈದು, ಮತ್ತೆ ಹೇಳಿಕೊಟ್ಟರು. ನಮ್ಮಮ್ಮನಿಗೇನು ಉತ್ಸಾಹ ಕಡಿಮೆಯಿತ್ತೇ? ಓದು ಕಲಿಸುವವರಿರಲಿಲ್ಲ, ಅಷ್ಟೆ. ಕೆಲಸ ಕಲಿಸದೆ ‘ಇವರಿಗೆ ಮನಸ್ಸಿಲ್ಲ’ ಎನ್ನುವ ಮೇಲಧಿಕಾರಿಗಳನ್ನು ಅದೇ ಬಲೂನಿಗೆ ಕಟ್ಟಿ ಹಾರಿಬಿಡಬೇಕು!

ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ತಿನ್ನುತ್ತಿದ್ದ ಭಾವನವರನ್ನು ಹಿಡಿದೆ.

“ಅಕ್ಕನಿಗಿರೋದು ಹೆದರಿಕೆ ಅಲ್ಲ ಭಾವ. ಕೆಲಸ ಬರಲ್ಲ. ಯಾರೂ ಹೇಳಿಕೊಟ್ಟಿಲ್ಲ.”

“ಪ್ರೊಫೆಸರಮ್ಮ, ಆಸೆ ಹುಟ್ಟಿಸಿದ್ರೆ ತಾನಾಗೇ ಬರತ್ತೆ.”

“ಹಂಗಾದ್ರೆ ನೀವು ಡ್ರೈವಿಂಗ್ ಟೆಸ್ಟಲ್ಲಿ ಯಾಕೆ ಫೇಲಾದ್ರಿ?”

“ಅದು... ಕಲಿಸೋನು ಸರಿ ಇರ್ಲಿಲ್ಲ ಕಣೆ” ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತಾಗಿ ಉಳಿದ ರೊಟ್ಟಿಯನ್ನೆಲ್ಲ ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಂಡರು.

ಭಾನುವಾರಗಳಂದು ನಾನೇ ಅಕ್ಕನಿಗೆ ಪಾಠ ಶುರು ಮಾಡಿದೆ. ಹೊಸ ವ್ಯವಸ್ಥೆಯ ಅಭ್ಯಾಸದ ಪುಟ ಮನೆಯ ಕಂಪ್ಯೂಟರಿನಲ್ಲೂ ತೆರೆಯುತ್ತಿತ್ತು. ಅದನ್ನೂ ಆಕೆಗೆ ಯಾರೂ ಹೇಳಿರಲಿಲ್ಲ! ಕರೆಯದಿದ್ದರೂ ಭಾವ ಬಂದು ಪಕ್ಕದಲ್ಲಿ ಕೂತರು. ಅಕ್ಕ ಸಂಕೋಚದಿಂದ ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದರೆ, ಇವರು ಕೈ ಎತ್ತಿ ಎತ್ತಿ ಪೆದ್ದು ಪ್ರಶ್ನೆ ಕೇಳುತ್ತಿದ್ದರು. ತಪ್ಪು ಒತ್ತಿದರೆ ಏನಾಗುತ್ತೆ? ಸೇವ್ ಮಾಡಿದ್ದು ಎಲ್ಲಿಗೆ ಹೋಗುತ್ತೆ? ನಾನು ರೇಗುತ್ತಲೇ ಇದ್ದೆ. ಆಮೇಲೆ ಗಮನಿಸಿದೆ: ಅಕ್ಕ ಬಾಯಿ ತೆರೆದು ನುಂಗಿಕೊಂಡ ಪ್ರಶ್ನೆಯನ್ನಷ್ಟೇ ಅವರು ಕೇಳುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಭಾವ ಮತ್ತೆ ತಪ್ಪು ಗುಂಡಿ ಒತ್ತಿದರು. ಅಕ್ಕ ಮೌಸ್ ಕಿತ್ತುಕೊಂಡರು.

“ಅಪ್ಪಡಿ ಇಲ್ಲೆ ಲಾ, ಹಂಗಲ್ಲ ಸಾರ್. ಪಕ್ಕಕ್ಕೆ ಸರೀರಿ, ನಾನು ತೋರಿಸ್ತೀನಿ.”

ಅಂಗಡಿ ಪರವಾನಗಿಯ ಅರ್ಜಿಯೊಂದನ್ನು ಆಕೆ ಎಲ್ಲೂ ತಡವರಿಸದೆ ಕೊನೆಯವರೆಗೆ ಮಾಡಿ ತೋರಿಸಿದರು. ಭಾವ ನನ್ನ ಕಡೆ ತಿರುಗಿಯೂ ನೋಡದೆ, ಪರಮ ದಡ್ಡನಂತೆ ತಲೆಯಾಡಿಸುತ್ತಿದ್ದರು.