ಮಾವನವರ ಕಾವಲಿಗೆ ನಾವಿಬ್ಬರು

ಮನೆಯವರನ್ನು ಜೋಪಾನ ಮಾಡುತ್ತೇನೆಂದು ಸೊಂಟ ಕಟ್ಟಿ ನಿಂತವರಿಗೇ ಇಂಥವೆಲ್ಲ ಆಗುವುದು. ಸುಮ್ಮನೆ ಕೂತವರ ಮನೆಯಲ್ಲಿ ಏನೂ ಆಗುವುದಿಲ್ಲ. ಆದರೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ.

ನಾನು ನುಂಗಂಬಾಕ್ಕಂನಲ್ಲಿ ಒಂದು ವಿಮೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಜಾರಿ ಬಿದ್ದವರು, ಕೈ ಮುರಿದುಕೊಂಡವರು, ಗ್ಯಾಸ್ ಆರಿಸದೆ ಊರಿಗೆ ಹೋದವರು, ದಿನವೆಲ್ಲ ಇವರ ಕಥೆಯನ್ನೇ ಓದುವವಳಿಗೆ ಮನೆಗೆ ಬಂದರೆ ಬಚ್ಚಲು ಬಚ್ಚಲಾಗಿ ಕಾಣುವುದಿಲ್ಲ, ಅಪಘಾತವಾಗಬೇಕಾದ ಜಾಗವಾಗಿ ಕಾಣುತ್ತದೆ. ಗಂಡ ಬೆಳಗ್ಗೆ ಕಚೇರಿ ಕ್ಯಾಬ್ ಹತ್ತಿ ಶೋಳಿಂಗನಲ್ಲೂರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳಿಗೆ ಶಾಲೆ. ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರ ಕೊಡುವ ವಯಸ್ಸು. ಹಗಲೆಲ್ಲ ಮನೆಯಲ್ಲಿರುವವರು ಮೈಸೂರಿನಿಂದ ಬಂದು ನಮ್ಮ ಜೊತೆ ನೆಲೆಸಿರುವ ಅತ್ತೆ, ಮಾವ. ಮಾವ ರೈಲ್ವೆಯಲ್ಲಿದ್ದು ನಿವೃತ್ತರಾದವರು.

ಒಂದು ದಿನ ಸೊಪ್ಪು ತರಲು ಹೋದ ಮಾವ ತಲೆಸುತ್ತಿ ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಇಸ್ತ್ರಿ ಅಂಗಡಿಯವರು, ಆಟೋದವರು ಸೇರಿ ಮನೆಗೆ ತಂದು ಬಿಟ್ಟರು. ಡಾಕ್ಟರು ಹೇಳಿದ್ದಿಷ್ಟು: "ಸಿಹಿ ಮುಟ್ಟಬಾರದು. ಹಾಗಂತ ಮಾತ್ರೆ ನುಂಗಿ ಊಟ ತಡ ಮಾಡಲೂಬಾರದು. ಸಕ್ಕರೆ ಏರಿದರೂ ಕಷ್ಟ, ತಟಕ್ಕನೆ ಇಳಿದರೆ ಇನ್ನೂ ಕಷ್ಟ." ಆವತ್ತೇ ನಿರ್ಧಾರ ಮಾಡಿದೆ. ನಾನಿರುವ ತನಕ ಮಾವ ಇನ್ನೊಂದು ಸಲ ರಸ್ತೆಯಲ್ಲಿ ಹಾಗೆ ಕೂರಬಾರದು.

ಸಕ್ಕರೆ ಡಬ್ಬಿ

ಮೊದಲು ಸಕ್ಕರೆಯನ್ನು ಮನೆಯಿಂದ ಓಡಿಸಿದೆ. ಬೆಲ್ಲ, ಜೇನುತುಪ್ಪ, ಮಗಳ ಚಾಕೊಲೇಟು ಎಲ್ಲವೂ ಅದರ ಹಿಂದೆಯೇ ಹೋದವು. ಮಾವ ಸಪ್ಪೆ ಕಾಫಿಯನ್ನು ಕಷಾಯ ಕುಡಿದಂತೆ ಕುಡಿದು ಲೋಟ ಇಟ್ಟರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ನನಗೇ ಹೆಮ್ಮೆ.

ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನಾನು ಡಾಕ್ಟರನ್ನು ಬೈದೆ, ಲ್ಯಾಬನ್ನು ಬೈದೆ.

ಆ ಭಾನುವಾರ ಮೇಲಿನ ಮನೆಯ ಮಾಮಿ ಬಂದರು. ಸೆರಗಿನ ಮರೆಯಲ್ಲಿ ಏನೋ ಇತ್ತು. ಅತ್ತ ಇತ್ತ ನೋಡಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕೈಗೊಂದು ಡಬ್ಬಿ ಕೊಟ್ಟರು. ತುಂಬ ಸಕ್ಕರೆ!

"ನಾಂಗ ಎಲ್ಲಾಂ ಇರುಕ್ಕೋಂಮಾ," ಎಂದರು. ನಾವೆಲ್ಲ ಇದ್ದೇವಲ್ಲಮ್ಮ, ಕಷ್ಟವಿದ್ದರೆ ಬಾಯಿಬಿಟ್ಟು ಕೇಳಬಾರದೇ ಎಂದು ಅವರ ಕಣ್ಣಲ್ಲಿ ನೀರು. ವಿಚಾರಿಸಿದರೆ ಮಾವ ದಿನವೂ ಹನ್ನೊಂದು ಗಂಟೆಗೆ ಮೇಲೆ ಹತ್ತಿ, "ನಮ್ಮ ಮನೆಯಲ್ಲಿ ಒಂದು ಚಮಚ ಸಕ್ಕರೆಗೂ ಗತಿಯಿಲ್ಲ" ಎಂದು ತಮ್ಮ ರೈಲ್ವೆ ತಮಿಳಿನಲ್ಲಿ ಹೇಳಿ, ಗಟ್ಟಿ ಹಾಲು, ಸಕ್ಕರೆ ಹಾಕಿದ ಡಿಗ್ರಿ ಕಾಫಿ ಕುಡಿದು ಬರುತ್ತಿದ್ದರಂತೆ.

ಮಾಮಿ ಹೋದ ಮೇಲೆ ಡಬ್ಬಿ ಹಿಡಿದು ಮಾವನ ಮುಂದೆ ನಿಂತೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಾನು ಸುಳ್ಳು ಹೇಳಿದ್ದೀನೇನಮ್ಮ? ಇದ್ದಿದ್ರೆ ತೋರಿಸು ನೋಡೋಣ," ಎಂದರು.

ಬಚ್ಚಲಿನ ಹಿಡಿ

ಬಚ್ಚಲಿನಲ್ಲಿ ಜಾರಿದರೆ ಹಿಡಿದುಕೊಳ್ಳಲೆಂದು ಗೋಡೆಗೆ ಸ್ಟೀಲ್ ಹಿಡಿಗಳನ್ನು ಹಾಕಿಸಿದೆ. ನೆಲಕ್ಕೆ ಜಾರದ ಮ್ಯಾಟು. ಅತ್ತೆ ನೋಡಿ ಬಹಳ ಮೆಚ್ಚಿಕೊಂಡರು. "ಒಳ್ಳೆ ಕೆಲಸ ಮಾಡಿದೆ ಕಣಮ್ಮ. ಈ ಊರಿನ ಸೆಖೆಗೆ ದಿನಕ್ಕೆರಡು ಸಲ ಬಟ್ಟೆ ಒಗೀಬೇಕು, ಒಣಗಿಸೋಕೆ ಜಾಗಾನೇ ಇರಲಿಲ್ಲ," ಎಂದರು.

ಸಂಜೆಯ ಹೊತ್ತಿಗೆ ಒಂದು ಹಿಡಿಯ ಮೇಲೆ ಮಾವನ ಪಂಚೆ, ಇನ್ನೊಂದರ ಮೇಲೆ ಮಗಳ ಯೂನಿಫಾರಂ, ಉದ್ದನೆಯದರ ಮೇಲೆ ಅತ್ತೆಯ ಒದ್ದೆ ಸೀರೆ. ತೆಗೆಸಿದೆ. ಮರುದಿನ ಮತ್ತೆ ಹಾಕಿದರು. ಮತ್ತೆ ತೆಗೆಸಿದೆ. ಸೋಲೊಪ್ಪುವವಳಲ್ಲ ನಾನು, ಅತ್ತೆಯೂ ಅಲ್ಲ.

ಕೊನೆಗೆ ಮಾವ ಜಾರಲಿಲ್ಲ, ಅತ್ತೆ ಜಾರಲಿಲ್ಲ. ಜಾರದ ಮ್ಯಾಟಿನ ಅಂಚಿಗೆ ಕಾಲು ಸಿಕ್ಕಿಸಿಕೊಂಡು ನಾನು ಎಡವಿದೆ. ಹಿಡಿಗೆ ಕೈ ಚಾಚಿದರೆ ಸಿಕ್ಕಿದ್ದು ಸೀರೆ. ಸೀರೆಯ ಸಮೇತ ನೆಲ ಸೇರಿದೆ. ಸದ್ದು ಕೇಳಿ ಅತ್ತೆ ಓಡಿ ಬಂದು, ಬಾಗಿ, ನನ್ನ ಕೈಯಿಂದ ಸೀರೆ ಬಿಡಿಸಿಕೊಂಡರು.

"ಈಗತಾನೇ ಜಾಲಿಸಿದ್ದೆ!" ಎಂದರು.

ಕಳೆದುಹೋಗದ ಫೋನು

ಹೊರಗೆ ಹೋದಾಗ ಮಾವ ಎಲ್ಲಿದ್ದಾರೆಂದು ತಿಳಿಯಬೇಕಲ್ಲ. ಒಳ್ಳೆಯ ಫೋನೊಂದನ್ನು ಕೊಡಿಸಿದೆವು. ಅವರು ಎಲ್ಲಿ ನಿಂತಿದ್ದಾರೋ ಅದು ನನ್ನ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತದೆ. ಕಚೇರಿಯಲ್ಲಿ ಕೂತೇ ಆಗಾಗ ನೋಡುತ್ತಿದ್ದೆ. ಚುಕ್ಕಿ ಮನೆ ಬಿಟ್ಟು ಕದಲುತ್ತಿರಲಿಲ್ಲ. ಬಿಸಿಲಲ್ಲಿ ಎಲ್ಲೂ ಅಲೆಯುತ್ತಿಲ್ಲ ಎಂದು ನೆಮ್ಮದಿ.

ಒಂದು ಮಧ್ಯಾಹ್ನ ಕೆಲಸದ ಮೇಲೆ ಎಗ್ಮೋರಿಗೆ ಹೋಗಿದ್ದೆ. ಸ್ಟೇಷನ್ನಿನ ಎದುರು ರಸ್ತೆ ದಾಟುತ್ತಿದ್ದರೆ ಮುಂದೆ ಛತ್ರಿ ಹಿಡಿದುಕೊಂಡು ಮಾವ! ರೈಲುಗಾಡಿಗಳನ್ನು ನೋಡಿ ಬರೋಣವೆಂದು ಬಸ್ಸು ಹತ್ತಿ ಬಂದಿದ್ದರಂತೆ. ನಾನು ಫೋನು ತೆಗೆದು ನೋಡಿದೆ. ಚುಕ್ಕಿ ಮನೆಯಲ್ಲೇ ಇದೆ.

"ಫೋನೆಲ್ಲಿ ಮಾವ?"

"ಬೀರುವಿನಲ್ಲಿ ಇಟ್ಟು ಬೀಗ ಹಾಕಿ ಬಂದಿದ್ದೀನಿ. ಅಷ್ಟು ದುಬಾರಿ ವಸ್ತು, ಎಲ್ಲಾದರೂ ಕಳೆದುಹೋದರೆ?"

ಗುಟ್ಟಿನ ಮಾತು

ನನ್ನ ಸಹೋದ್ಯೋಗಿಯೊಬ್ಬರಿಗೆ ಅವರ ಮಗನ ಧ್ವನಿಯಲ್ಲೇ ಮೋಸದ ಕರೆ ಬಂತು. ಈಗ ಧ್ವನಿಯನ್ನೂ ನಕಲು ಮಾಡುತ್ತಾರಂತೆ. ಅದೇ ಸಂಜೆ ಮನೆಯವರನ್ನೆಲ್ಲ ಕೂರಿಸಿ ಕಟ್ಟಪ್ಪಣೆ ಮಾಡಿದೆ. ಗೊತ್ತಿಲ್ಲದ ನಂಬರಿನಿಂದ ಯಾರು ಸಹಾಯ ಕೇಳಿದರೂ ಮೊದಲು ನಮ್ಮ ಗುಟ್ಟಿನ ಮಾತು ಹೇಳಬೇಕು. ಹೇಳದಿದ್ದರೆ ಅದು ಕಳ್ಳರ ಕರೆ, ಕತ್ತರಿಸುವುದೇ. ಯಾರೂ ಮರೆಯದ ಮಾತು ಬೇಕೆಂದು ಮಾವನವರ ಹೆಸರನ್ನೇ ಇಟ್ಟೆ. ಮಾವನಿಗೆ ಖುಷಿಯೋ ಖುಷಿ. ಅತ್ತೆ ಮಾತ್ರ ನುಗ್ಗೆ ಸೊಪ್ಪು ಬಿಡಿಸುತ್ತ ತಲೆ ಎತ್ತಲಿಲ್ಲ.

ಕೆಲವು ದಿನಗಳಾದ ಮೇಲೆ ಕಚೇರಿಯಲ್ಲಿದ್ದಾಗ ನನ್ನ ಫೋನಿಗೆ ಯಾವುದೋ ನಂಬರಿನಿಂದ ಕರೆ.

"ನಾನು ಕಣಮ್ಮ, ದೇವಸ್ಥಾನದ ಹತ್ರ ಇದ್ದೀನಿ. ನನ್ನ ಫೋನಿನ ಚಾರ್ಜು ಹೋಯ್ತು, ಇದು ಹೂವಿನವಳ ಫೋನು. ಮನೇಲಿ ಇವರ ಊಟದ ಹೊತ್ತಾಯ್ತು, ಒಂದು ಆಟೋನೂ ನಿಲ್ಲಿಸ್ತಿಲ್ಲ. ನೀನೇ ಒಂದು ಬುಕ್ ಮಾಡಿ ಕಳಿಸು."

ಧ್ವನಿ ಅತ್ತೆಯದೇ. ಆದರೆ ಧ್ವನಿಯನ್ನು ನಂಬಬಾರದೆಂದು ಎಲ್ಲರಿಗೂ ಪಾಠ ಹೇಳಿದವಳು ನಾನೇ.

"ಗುಟ್ಟಿನ ಮಾತು ಹೇಳಿ," ಎಂದೆ.

"ಅಯ್ಯೋ, ನಾನೇ ಕಣೆ, ನಿಮ್ಮತ್ತೆ!"

"ಎಲ್ಲರೂ ಹಾಗೇ ಅಂತಾರೆ. ಮಾತು ಹೇಳಿ."

ಆ ಕಡೆ ಗಂಟೆ ಹೊಡೆದ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ನಿನ್ನ ಗಂಡನ ಅಪ್ಪ ಕಣೆ," ಎಂದರು.

"ಅದು ಹೆಸರಲ್ಲ."

"ಗೋಡೆ ಮೇಲೆ ಮದುವೆ ಫೋಟೋದಲ್ಲಿ ನನ್ನ ಬಲಗಡೆ ನಿಂತಿದ್ದಾರಲ್ಲ, ಅವರು!"

"ಹೆಸರು ಹೇಳಿ!"

"ಹೇಳಕ್ಕಾಗಲ್ಲ."

ಕರೆ ಕತ್ತರಿಸಿದೆ. ನಂಬರನ್ನು ಬ್ಲಾಕ್ ಮಾಡಿದೆ. ಹೇಗೆ ಹಿಡಿದೆ ನೋಡಿ ಕಳ್ಳರನ್ನು ಎಂದು ಪಕ್ಕದ ಮೇಜಿನವರ ಹತ್ತಿರ ಕೊಚ್ಚಿಕೊಂಡೆ.

ಸಂಜೆ ಮನೆಗೆ ಹೋದರೆ ಅತ್ತೆಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಪಾಪ, ನಡೆದುಕೊಂಡೇ ಬಂದಿದ್ದರು. ನಾನು ಕ್ಷಮೆ ಕೇಳಿ, "ಒಂದು ಹೆಸರು ಹೇಳೋಕೆ ಏನಾಗಿತ್ತು ಅತ್ತೆ?" ಎಂದೆ.

"ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಮ್ಮಿ ಆಗುತ್ತೆ," ಎಂದರು. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಾದಿನಿಯರು ಅಡ್ಡ ನಿಂತು ಗಂಡನ ಹೆಸರು ಹೇಳಿದರೇ ಒಳಗೆ ಎಂದಿದ್ದರಂತೆ. ಇವರು ಬಾಯಿ ಬಿಡಲಿಲ್ಲ. ಅನ್ನ ಆರುತ್ತದೆಂದು ಕೊನೆಗೆ ಅವರೇ ದಾರಿ ಬಿಟ್ಟರಂತೆ.

"ನೀನು ಮಾತ್ರೆ ಕೊಟ್ಟು ಅವರನ್ನ ಕಾಪಾಡ್ತೀಯ. ನಾನು ಹೆಸರು ಹೇಳದೆ ಕಾಪಾಡ್ತಾ ಬಂದಿದ್ದೀನಿ," ಎಂದರು ಅತ್ತೆ. ಅವರ ಹಟ ನನ್ನ ಹಟಕ್ಕಿಂತ ಹಳೆಯದು, ಗಟ್ಟಿಯದು.

ಗುಟ್ಟಿನ ಮಾತನ್ನು ಅಂದೇ ಬದಲಾಯಿಸಿದೆವು. ಹೊಸದು ಏನೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಷ್ಟು ಗುಟ್ಟಾಗಿದೆ.

ಪ್ಲಾಟ್‌ಫಾರಮ್ಮಿನಲ್ಲಿ

ನೆಂಟರ ಮದುವೆಗೆಂದು ಮೈಸೂರಿಗೆ ಹೊರಟಿದ್ದೆವು. ಗಂಡನಿಗೆ ರಜೆ ಸಿಗದೆ ಮರುದಿನ ಬರುವವರಿದ್ದರು. ಅತ್ತೆ, ಮಾವ, ಮಗಳು, ನಾನು ಬೆಳಗಿನ ಗಾಡಿಗೆ ಸೆಂಟ್ರಲ್ ಸ್ಟೇಷನ್ನಿಗೆ ಬಂದೆವು. ಮಾವ ಮನೆಯಲ್ಲೇ ಮಾತ್ರೆ ನುಂಗಿದ್ದರು. ಗಾಡಿಯಲ್ಲಿ ಕೂತ ತಕ್ಷಣ ಇಡ್ಲಿ ಕೊಡುವುದೆಂದು ನನ್ನ ಲೆಕ್ಕ. ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಡವಾಯಿತು. ಪ್ಲಾಟ್‌ಫಾರಮ್ಮಿನ ಮೇಲೆ ಸೂಟ್‌ಕೇಸುಗಳನ್ನು ಇಳಿಸಿ ತಿರುಗುತ್ತೇನೆ, ಮಾವ ಇಲ್ಲ.

ಫೋನು ಮಾಡಿದೆ. ಗಂಟೆ ಹೊಡೆಯಿತು. ನಕ್ಷೆಯಲ್ಲಿ ಚುಕ್ಕಿ ಮನೆಯ ಬೀರುವಿನೊಳಗೆ ಬೆಚ್ಚಗೆ ಕೂತಿತ್ತು.

ಮಾತ್ರೆ ಅವರ ಹೊಟ್ಟೆಯಲ್ಲಿದೆ, ತಿಂಡಿ ನನ್ನ ಚೀಲದಲ್ಲಿದೆ. ಎಲ್ಲಿ ತಲೆಸುತ್ತಿ ಕೂತರೋ, ಈ ಜನಜಂಗುಳಿಯಲ್ಲಿ ಯಾರು ನೋಡುತ್ತಾರೆ? ಇಂಜಿನ್ನು ನೋಡದೆ ಗಾಡಿ ಹತ್ತುವವರಲ್ಲ ಎಂದು ನೆನಪಾಗಿ ಮುಂದಕ್ಕೆ ಓಡಿದೆ. "ಛತ್ರಿ ಹಿಡಿದ ಹಿರಿಯರೊಬ್ಬರು ಬಂದಿದ್ದರು, ಈಗತಾನೇ ಹಿಂದಕ್ಕೆ ಹೋದರು," ಎಂದರು ಅಲ್ಲಿದ್ದವರು. ಏದುಸಿರು ಬಿಡುತ್ತ ಹಿಂದೆ ಬಂದೆ. ಗಾಡಿ ಹೊರಡುವ ಹೊತ್ತಾಗುತ್ತಿತ್ತು.

ಅತ್ತೆ ಸೂಟ್‌ಕೇಸುಗಳ ನಡುವೆ ನಿಂತು ತಮಗೆ ಬರುವ ಒಂದೇ ರೀತಿಯಲ್ಲಿ ಕೂಗುತ್ತಿದ್ದರು.

"ರೀ! ಏನೂಂದ್ರೆ! ರೀ!"

ಮೈಸೂರಿನ ಗಾಡಿ. ಪ್ಲಾಟ್‌ಫಾರಮ್ಮಿನಲ್ಲಿದ್ದ ಕನ್ನಡದ ಗಂಡಂದಿರೆಲ್ಲ ಒಟ್ಟಿಗೆ ತಿರುಗಿದರು. ಟೀ ಕುಡಿಯುತ್ತಿದ್ದ ಒಬ್ಬರಂತೂ "ಬಂದೆ, ಬಂದೆ" ಎನ್ನುತ್ತ ಅರ್ಧ ಲೋಟ ಚೆಲ್ಲಿ ಎರಡು ಹೆಜ್ಜೆ ಓಡಿ ಬಂದು, ಅತ್ತೆಯ ಮುಖ ನೋಡಿ ನಿಂತರು. ತಿರುಗಬೇಕಾದ ಒಬ್ಬರು ಮಾತ್ರ ತಿರುಗಲಿಲ್ಲ.

ಅತ್ತೆ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ. ಕಣ್ಣು ಮುಚ್ಚಿದರು, ತಾಳಿಯನ್ನು ಕಣ್ಣಿಗೊತ್ತಿಕೊಂಡರು, ಮೇಲೆ ನೋಡಿ "ತಪ್ಪಾಯ್ತಪ್ಪಾ" ಎಂದರು. ಆಮೇಲೆ ಹೊಸಿಲಲ್ಲಿ ಹೇಳದ, ಹೂವಿನವಳ ಫೋನಿನಲ್ಲಿ ಹೇಳದ ಆ ಹೆಸರನ್ನು, ಮುಂದೆ ಮನೆತನದ ಹೆಸರನ್ನೂ ಸೇರಿಸಿ, ಗಾಡಿಯ ಕೊನೆಯ ಡಬ್ಬಿಗೂ ಕೇಳುವಂತೆ ಕೂಗಿದರು. ಒಂದು ಸಲವಲ್ಲ, ಮತ್ತೆ ಮತ್ತೆ.

"ಅಮ್ಮಾ! ಅಜ್ಜಿ ತಾತಾ ಪೇರ್ ಸೊಲ್ಲಿಟ್ಟಾಂಗ!" ಎಂದು ಮಗಳು ಬಾಯಿ ತೆರೆದು ನಿಂತಳು. ಅಜ್ಜಿ ತಾತನ ಹೆಸರು ಹೇಳಿಬಿಟ್ಟರಂತೆ! ಹಾಗೆ ನಿಂತವಳಿಗೇ ಕಂಡದ್ದು, ಸ್ವಲ್ಪ ಆಚೆ ಒಂದು ಕಂಬದ ಮರೆಯಿಂದ ಇಣುಕುತ್ತಿದ್ದ ಛತ್ರಿಯ ತುದಿ.

ಓಡಿದೆವು. ಕಂಬಕ್ಕೆ ಒರಗಿ ಮಾವ ನಿಂತಿದ್ದರು. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ನಾನು ಇಡ್ಲಿ ಡಬ್ಬಿ ತೆರೆಯುವಷ್ಟರಲ್ಲಿ ಅತ್ತೆ ಸೆರಗಿನ ಗಂಟು ಬಿಚ್ಚಿ ಕಲ್ಲುಸಕ್ಕರೆ ತೆಗೆದಿದ್ದರು. ಮನೆಯಿಂದ ಸಕ್ಕರೆ ಓಡಿಸಿದ ನಾನೇ "ಬೇಗ ಬಾಯಿಗೆ ಹಾಕಿ ಅತ್ತೆ" ಎಂದೆ. ಜನ ಕೈಹಿಡಿದು ಗಾಡಿ ಹತ್ತಿಸಿದರು. ಇಡ್ಲಿ ಒಳಗೆ ಹೋಗುತ್ತಿದ್ದಂತೆ ಮಾವನ ಮುಖಕ್ಕೆ ಕಳೆ ಬಂತು. ಗಾಡಿ ಹೊರಟಿತು. ನನಗೆ ಅಳು ಬಂದೇ ಬಿಟ್ಟಿತು. ಅತ್ತೆ ಕಿಟಕಿಯ ಕಡೆ ತಿರುಗಿ ಅವರ ಆಯಸ್ಸಿಗಾಗಿ ಗೊತ್ತಿರುವ ದೇವರಿಗೆಲ್ಲ ಹರಕೆ ಹೊರುತ್ತಿದ್ದರು.

ಕಣ್ಣೊರೆಸಿಕೊಂಡು ಮಾವನನ್ನು ಕೇಳಿದೆ. "ಅಷ್ಟು ಹತ್ತಿರದಲ್ಲೇ ಇದ್ದಿರಿ. ಅಷ್ಟು ಕೂಗಿದರೂ ಕೇಳಿಸಲಿಲ್ಲವಾ ಮಾವ?"

ಮಾವ ಅತ್ತೆಯ ಕಡೆ ಒಮ್ಮೆ ಓರೆಗಣ್ಣಿನಿಂದ ನೋಡಿ, ನನ್ನ ಕಡೆ ಬಾಗಿ ದನಿ ತಗ್ಗಿಸಿದರು.

"ಕೇಳಿಸ್ತಮ್ಮ. ಯಾರೋ ಹೆಂಗಸು ಪ್ಲಾಟ್‌ಫಾರಮ್ ತುಂಬ ನನ್ನ ಹೆಸರು ಹಿಡಿದು ಕೂಗ್ತಿದ್ದಳು. ನಿಮ್ಮತ್ತೆ ಕಿವಿಗೆ ಬಿದ್ರೆ ನನ್ನ ಗತಿಯೇನು ಅಂತ ಕಂಬದ ಹಿಂದೆ ಅವಿತುಕೊಂಡೆ!"