ಖಾಲಿ ಲಾರಿಗೆ ಭಾರ

"ದಿನಾ ಒಂದ್ಸಲ ಕಾರ್ ಸ್ಟಾರ್ಟ್ ಮಾಡಿ ಆಫ್ ಮಾಡಿ, ಅಳಿಯಂದ್ರೆ. ಗೇಟ್ ಮಾತ್ರ ದಾಟಿಸ್ಬ್ಯಾಡಿ," ಎಂದು ಹೇಳಿ ಚನ್ನಮಲ್ಲಯ್ಯನವರು ಸಿರಾದಿಂದ ಬಡವನಹಳ್ಳಿಯ ತಂಗಿ ಮನೆಗೆ ಹೋಗಿದ್ದರು. ಅಳಿಯ ರೇಣುಕಪ್ರಸಾದ್ ಎರಡು ದಿನ ತಡೆದುಕೊಂಡ. ಮೂರನೆಯ ದಿನ ಮದಲೂರು ಕೆರೆ ಕೋಡಿ ಬಿದ್ದಿದೆ ಎಂಬ ಸುದ್ದಿ ಬಂತು. ನೋಡದೆ ಇರುವುದು ಹೇಗೆ? ಹೋದ, ನೋಡಿದ, ಇನ್ನೂ ಹತ್ತಿರದಿಂದ ನೋಡೋಣ ಅಂತ ಕಾರನ್ನು ನೀರಿನಂಚಿಗೆ ಇಳಿಸಿದ. ಮಾವನ ಹೊಸ ಕಾರು ನಂಬರ್ ಪ್ಲೇಟ್ ಸಮೇತ ಕೆಸರಿನಲ್ಲಿ ಕೂತುಬಿಟ್ಟಿತು. ಮಾವ ಬರುವುದು ಅವತ್ತೇ ಮಧ್ಯಾಹ್ನದ ಬಸ್ಸಿಗೆ. ಅಷ್ಟರೊಳಗೆ ಕಾರು ತೊಳೆದು ಮನೆ ಮುಂದೆ ನಿಲ್ಲಿಸದಿದ್ದರೆ ಅವನ ಮರ್ಯಾದೆ ಮೂರು ಕಾಸಿಗೆ!

ಕೆಟ್ಟು ನಿಂತ ಗಾಡಿ ಎಳೆಯುವ ಪಾಲಣ್ಣ, ಹಗ್ಗ ಸುತ್ತಿ ಎಳೆಯುವ ವಿಂಚಿನ ಲಾರಿ ತಂದು ಕಾರಿಗೆ ಉಕ್ಕಿನ ಹಗ್ಗ ಬಿಗಿದ. ವಿಂಚು ತಿರುಗಿತು. ಕಾರು ಅಲುಗಲಿಲ್ಲ, ಲಾರಿಯೇ ಕೆರೆ ಕಂಡ ಎಮ್ಮೆಯ ಹಾಗೆ ಹಿಂದಕ್ಕೆ ಹೊರಟಿತು. ಹ್ಯಾಂಡ್‌ಬ್ರೇಕ್ ಹಾಕಿದರು, ಗಾಲಿಗೆ ಕಲ್ಲು ಕೊಟ್ಟರು. ಒದ್ದೆ ನೆಲದಲ್ಲಿ ಕಲ್ಲೂ ಜೊತೆಗೇ ಜಾರಿತು.

"ಇದೇನ್ಲಾ, ಲಾರಿ ಕಾರ್ನ ಎಳೀತೈತೋ, ಕಾರು ಲಾರೀನೋ?" ಎಂದಳು ಹುಲ್ಲಿನ ಹೊರೆ ಹೊತ್ತ ಬೊಮ್ಮಕ್ಕ.

"ಖಾಲಿ ಲಾರಿ ಕಣಕ್ಕಾ, ಗಾಲಿ ನೆಲ ಹಿಡಿಯಾಕಿಲ್ಲ. ಭಾರ ಬೇಕು, ನೀನೂ ಹತ್ತು," ಎಂದ ಪಾಲಣ್ಣ.

ಬೊಮ್ಮಕ್ಕ ಹೊರೆ ಸಮೇತ ಹತ್ತಿದಳು. ನೋಡಲು ಬಂದವರೆಲ್ಲ ಹತ್ತಿದರು. ನಿಂತ ಲಾರಿಯಲ್ಲಿ ಇಷ್ಟು ಜನ ಯಾಕೆ ನಿಂತಿದ್ದಾರೆಂದು ಕೇಳಲು ಬಸ್ಸೊಂದು ನಿಂತಿತು. ಕೇಳಿದವರು ಸುಮ್ಮನಿರುತ್ತಾರೆಯೇ? ಅವರೂ ಇಳಿದು ಲಾರಿ ಹತ್ತಿದರು. ಅವರ ನಡುವೆ ಪಂಚೆ ಎತ್ತಿಕಟ್ಟಿ ಹತ್ತುತ್ತಿದ್ದವರು ಸಾಕ್ಷಾತ್ ಚನ್ನಮಲ್ಲಯ್ಯ!

ರೇಣುಕಪ್ರಸಾದ್ ಕಾರಿನ ಮರೆಗೆ ಬಗ್ಗಿದ. ಎರಡು ಬೊಗಸೆ ಕೆಸರು ಎತ್ತಿ ಮುಖಕ್ಕೆ ಬಳಿದುಕೊಂಡ.

"ಯಾರ್ದಪ್ಪಾ ಕಾರು?" ಮಾವ ಮೇಲಿನಿಂದ ಕೂಗಿದರು. "ನಂದೂ ಇಂಥದ್ದೇ ಐತೆ. ಅಳಿಯನ್ನ ಮುಟ್ಟಾಕೆ ಬುಟ್ಟಿಲ್ಲ, ನೋಡು!"

"ಹೂಂ," ಎಂದು ಗೊಗ್ಗರು ದನಿ ತೆಗೆದ ಅಳಿಯ.

ಈ ಸಲ ಲಾರಿ ಜಪ್ಪಯ್ಯ ಅನ್ನಲಿಲ್ಲ. ಹಗ್ಗ ಬಿಗಿಯಿತು, ಕಾರು ಪಚಕ್ಕನೆ ಮೇಲೆ ಬಂತು. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಬಸ್ಸಿನವನು ಹಾರನ್ ಹೊಡೆದು ಹೊರಟೇಬಿಟ್ಟ. ಎಲ್ಲರೂ ಧುಮುಕಿ ಓಡಿ ಬಸ್ಸು ಹಿಡಿದರು. ಮಾವನವರ ಕಾಲಿಗೆ ನೆಲ ಸಿಕ್ಕುವಷ್ಟರಲ್ಲಿ ಬಸ್ಸು ಏರಿಯ ಆಚೆ ಹೋಗಿತ್ತು.

"ಇನ್ನ ಬಸ್ಸು ಸಂಜಿಕೇ ಕಣಪ್ಪ," ಎಂದಳು ಬೊಮ್ಮಕ್ಕ.

ದೇವರು ದೊಡ್ಡವನು! ಸಂಜೆಯೊಳಗೆ ಕಾರನ್ನು ಮೂರು ಸಲ ತೊಳೆಯಬಹುದು. ರೇಣುಕಪ್ರಸಾದ್ ಮೆಲ್ಲಗೆ ಕಾರಿನ ಬಾಗಿಲು ತೆಗೆದ.

ಮಾವ ತಲೆ ಕೆರೆದುಕೊಂಡರು. "ಹೋಗ್ಲಿ, ಇವತ್ತೊಂದಿನ ಅಳಿಯಂಗೇ ಕಾರ್ ತಗಂಡು ಬಾ ಅನ್ನಾನ," ಎಂದು ಫೋನು ಒತ್ತಿದರು.

ಕೆಸರು ಮುಖದವನ ಅಂಗಿ ಜೇಬು ರಿಂಗಾಯಿತು. ಬೊಮ್ಮಕ್ಕ ಜೇಬು ನೋಡಿದಳು, ಪಾಲಣ್ಣ ಮಾವನವರನ್ನು ನೋಡಿದ.

ಮಾವ ಫೋನು ಕಿವಿಗಿಟ್ಟುಕೊಂಡೇ ಹತ್ತಿರ ಬಂದು ನಿಂತರು. "ಎತ್ತಿ ಅಳಿಯಂದ್ರೆ, ನಂದೇ ಫೋನು."