ಕೈ ತೋರಿದ ಕಡೆ ಕಾರು

ಹೊಸ ಸಾಮಾನು ಮನೆಗೆ ಬಂದರೆ ಅದರ ಜೊತೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಬಹಳ ಕಡಿಮೆ. ಆ ಕಡಿಮೆ ಜನರಲ್ಲಿ ನಾನೊಬ್ಬ. ಮಿಕ್ಸಿ ತಂದ ದಿನ ನಾನು ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಸಾಲಿಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಸುಮಿತ್ರಾ ಅದರಲ್ಲಿ ಚಟ್ನಿ ರುಬ್ಬಿ, ದೋಸೆ ತಿಂದು, ಜಾರ್ ತೊಳೆದು ಬೋರಲು ಹಾಕಿದ್ದಳು. ಮಿಕ್ಸಿಯೇನೋ ಚೆನ್ನಾಗಿಯೇ ತಿರುಗಿತು. ಆದರೂ ಅದನ್ನು ಸರಿಯಾದ ಕ್ರಮದಲ್ಲಿ ತಿರುಗಿಸಲಿಲ್ಲವೆಂಬ ಕೊರಗು ನನಗೆ ಇವತ್ತಿಗೂ ಉಳಿದಿದೆ.

ಇದಕ್ಕೆ ನನ್ನನ್ನು ಬೈದು ಪ್ರಯೋಜನವಿಲ್ಲ. ನಾನು ಓದಿದ್ದು ಮೈಸೂರಿನ ಕಡೆಯ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಹಲ್ಲುಜ್ಜುವುದಕ್ಕೆ ಗಂಟೆ, ಮಲಗುವುದಕ್ಕೂ ಗಂಟೆ. ಗಂಟೆ ಹೊಡೆದ ಮೇಲೂ ನಿದ್ದೆ ಬರದಿದ್ದರೆ ತಪ್ಪು ನಿದ್ದೆಯದು. ಮುಂದೆ ಕೋಲ್ಕತ್ತಾಗೆ ಬಂದು ಚಹಾ ಕಂಪನಿಯೊಂದರ ಗೋದಾಮಿನ ಮೇಲ್ವಿಚಾರಕನಾದೆ. ಚಹಾ ಪೆಟ್ಟಿಗೆಗಳು ನನ್ನನ್ನು ಇನ್ನಷ್ಟು ಕೆಡಿಸಿದವು. ಇಟ್ಟಲ್ಲೇ ಇರುವ, ಎದುರು ಮಾತಾಡದ, ಸಾಲಾಗಿ ನಿಲ್ಲುವ ಸಹವಾಸ ಅಷ್ಟು ವರ್ಷ ಸಿಕ್ಕಿದರೆ ಯಾರಾದರೂ ಹಾಳಾಗುತ್ತಾರೆ. ನಿವೃತ್ತನಾದ ಮೇಲೂ ಬೆಳಗ್ಗೆ ಮನೆಯ ಹತ್ತಿರದ ಸರೋವರದ ಸುತ್ತ ಒಂದೇ ದಿಕ್ಕಿನಲ್ಲಿ ನಡೆಯುತ್ತೇನೆ. ಎದುರು ದಿಕ್ಕಿನಿಂದ ಬರುವವರನ್ನು ಕಂಡರೆ ಇವರ ಮನೆಯಲ್ಲಿ ಚಮಚಗಳನ್ನು ಎಲ್ಲೆಲ್ಲಿ ಇಡುತ್ತಾರೋ ಎಂದು ಯೋಚನೆಯಾಗುತ್ತದೆ. ಸುಮಿತ್ರಾ ಧಾರವಾಡದವಳು. ಅವಳ ಮಾತು ಕಾಲು ಭಾಗ ಬಾಯಲ್ಲಿ, ಮುಕ್ಕಾಲು ಭಾಗ ಕೈಯಲ್ಲಿ. ಫೋನಿನಲ್ಲಿ ಮಾತಾಡುವಾಗಲೂ ಒಂದು ಕೈ ಖಾಲಿ ಇರಲೇಬೇಕು.

ನಮ್ಮ ಹಳೆಯ ಕಾರಿಗೆ ಹದಿನೈದು ತುಂಬಿ ಅದನ್ನು ಈ ಊರಿನ ರಸ್ತೆಗೆ ಇಳಿಸುವಂತಿಲ್ಲವೆಂದಾದಾಗ, ನಾನು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ, ಎತ್ತರದ, ಗುಡ್ಡ ಹತ್ತುವ ಕಾರನ್ನು ಕೊಂಡೆ. ನಾವಿರುವ ಸದರ್ನ್ ಅವೆನ್ಯೂ ಬದಿಯಲ್ಲಿ ಗುಡ್ಡವಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಒಂದು ಗಂಟೆ ಜೋರಾಗಿ ಸುರಿದರೆ ನಮ್ಮ ಬೀದಿಗೂ ಸರೋವರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ತರಕಾರಿಗಾದರೂ ಹೋಗಿ ಬರಬೇಡವೇ? ಇದನ್ನು ನಾನು ವಿವರವಾಗಿ ಹೇಳಿದಾಗ ಸುಮಿತ್ರಾ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು: “ಗರಿಯಾಹಾಟದಿಂದ ನಾಕು ಬದನೀಕಾಯಿ ತರಾಕ ಇಷ್ಟು ದೊಡ್ಡ ಟ್ಯಾಂಕ್ ಯಾಕ್ರೀ? ಬದನೀಕಾಯಿ ಏನು ಗುಂಡು ಹಾರಸ್ತಾವೇನು?”

ಕಾರಿನ ಕೈಪಿಡಿ ನಾನು ಓದಿದ ಗ್ರಂಥಗಳಲ್ಲೇ ದೊಡ್ಡದು. ಕೆಸರಿನಲ್ಲಿ ಒತ್ತಲು ಒಂದು ಗುಂಡಿ, ಮರಳಿಗೊಂದು ಗುಂಡಿ, ಇಳಿಜಾರಿಗೊಂದು ಗುಂಡಿ. ಎಲ್ಲವನ್ನೂ ಓದಿ ಮುಗಿಸಿದ ಮೇಲೆ, ಇಷ್ಟು ಗುಂಡಿಗಳಿರುವಾಗ ಬರೀ ಬದನೆಕಾಯಿ ತರುವುದು ಆ ಕಾರಿಗೆ ಮಾಡುವ ಅವಮಾನವೆಂದು ನನಗೂ ಅನ್ನಿಸಿತು. ಆಗ ಸಿಕ್ಕಿದ್ದು ಮಿತಾಲಿಯ ಶಾಲೆ. ಮಿತಾಲಿ ಮೂವತ್ತರೊಳಗಿನ ಹುಡುಗಿ. ಬಾರುಯಿಪುರದ ಆಚೆ, ಸೀಬೆ ತೋಟಗಳನ್ನು ದಾಟಿ, ಕೆಲಸ ನಿಲ್ಲಿಸಿದ ಇಟ್ಟಿಗೆ ಭಟ್ಟಿಯೊಂದರ ಜಾಗದಲ್ಲಿ ರಸ್ತೆಯಿಲ್ಲದ ಕಡೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಮಣ್ಣು ತೆಗೆದ ಹಳ್ಳಗಳು, ದಿಬ್ಬಗಳು, ಮೊಣಕಾಲುದ್ದದ ಕೆಸರು, ಪಕ್ಕದಲ್ಲಿ ಜಲಕಳೆ ತುಂಬಿದ ಒಂದು ಕೊಳ. ಕೋರ್ಸಿನ ಕೊನೆಗೊಂದು ಪರೀಕ್ಷೆ. ಅದರಲ್ಲಿ ಪಾಸಾದವರು ಮಾತ್ರ ಫೆಬ್ರವರಿಯಲ್ಲಿ ಪುರುಲಿಯಾದ ಗುಡ್ಡಗಳಿಗೆ ಹೊರಡುವ ಕಾರುಗಳ ಸಾಲಿನಲ್ಲಿ ಸ್ಟೀರಿಂಗ್ ಹಿಡಿಯಬಹುದು. ನಾನು ಪರೀಕ್ಷೆಗೆ ಮೊದಲೇ, ನಮ್ಮ ಕನ್ನಡ ಬಳಗದ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲ ಹಂಚುತ್ತಾ, “ಪುರುಲಿಯಾಕ್ಕೆ ನಾನೇ ಓಡಿಸಿಕೊಂಡು ಹೋಗುತ್ತಿದ್ದೇನೆ” ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಎರಡನೆಯ ಸಲ ಎಳ್ಳು ಕೇಳಿದವರಿಗೆ ಎರಡನೆಯ ಸಲವೂ ಹೇಳಿದ್ದೆ.

ಕಲಿಕೆ ಸುಲಭವಾಗಿರಲಿಲ್ಲ. ಮೊದಲ ದಿನವೇ ಮಿತಾಲಿ ಟಯರಿನ ಗಾಳಿ ಇಳಿಸಿ ಎಂದಳು. ಕೆಸರಿನಲ್ಲಿ ಟಯರು ಮೆತ್ತಗಿದ್ದರೆ ಹಿಡಿತ ಜಾಸ್ತಿಯಂತೆ. ಪ್ರತಿ ವಾರ ಗಾಳಿ ಪರೀಕ್ಷಿಸಿ ಬಂದವನು ನಾನು. ಬುಸ್ಸೆಂದು ಗಾಳಿ ಹೋಗುವ ಸದ್ದು ಕೇಳಲಾರದೆ ಮುಖ ತಿರುಗಿಸಿ ನಿಂತೆ. ಇನ್ನೊಂದು ದಿನ ನಿರ್ಜನ ಬಯಲಿನ ನಟ್ಟನಡುವೆ ಎಡಕ್ಕೆ ತಿರುಗುವ ಮುನ್ನ ಇಂಡಿಕೇಟರ್ ಹಾಕಿದೆ.

“ಮೇಶೊ, ಇದು ಯಾರಿಗೆ?” ಎಂದಳು ಮಿತಾಲಿ. ಚಿಕ್ಕಮ್ಮನ ಗಂಡನನ್ನು ಬಂಗಾಳಿಗಳು ಹಾಗೆ ಕರೆಯುತ್ತಾರೆ. ಅವಳಿಗೆ ನಾನು ಮೇಶೊ, ಸುಮಿತ್ರಾ ಮಾಶಿಮಾ.

“ಹಿಂದೆ ಹಸು ಬರುತ್ತಿದೆ” ಎಂದೆ.

ಮಿತಾಲಿ ತಿರುಗಿ ನೋಡಿದಳು. ಹಸು ನಿಜವಾಗಿಯೂ ಬರುತ್ತಿತ್ತು. ಅದು ನಿಂತು, ನಾವು ತಿರುಗಿದ ಮೇಲೆಯೇ ಮುಂದೆ ಹೋಯಿತು. ಇದನ್ನು ಮಿತಾಲಿ ಒಪ್ಪಿಕೊಳ್ಳಲಿಲ್ಲ, ಹಸು ಒಪ್ಪಿಕೊಂಡಿತು.

ನನ್ನ ಮನಸ್ಸಿಗೆ ಒಪ್ಪಿದ ಪಾಠ ಒಂದೇ. ಅದು ಸ್ಪಾಟರ್‌ನ ಪಾಠ. ಕಾರಿನ ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಿಸುವವರಿಗೆ ಸ್ಪಾಟರ್ ಎನ್ನುತ್ತಾರೆ. ಪಾರ್ಕ್ ಸ್ಟ್ರೀಟಿನಲ್ಲಿ ಕಾರು ನಿಲ್ಲಿಸಲು ಹೋದರೆ ಇಂಥವರಿಗೆ ಬರವಿಲ್ಲ. ಹೋಟೆಲಿನ ಕಾವಲುಗಾರ ಒಂದು ಕಡೆ ಕೈ ಮಾಡುತ್ತಾನೆ, ದಾರಿಹೋಕರು ಇನ್ನೊಂದು ಕಡೆ, ಎಗ್ ರೋಲ್ ತಿನ್ನುತ್ತಿರುವವನು ಆ ರೋಲನ್ನೇ ಆಡಿಸಿ ಹಿಂದೆ ಹಿಂದೆ ಅನ್ನುತ್ತಾನೆ. ಮಿತಾಲಿಯ ನಿಯಮದಲ್ಲಿ ಈ ಗೊಂದಲವಿಲ್ಲ. ಮುಷ್ಟಿ ಎತ್ತಿದರೆ ನಿಲ್ಲಬೇಕು. ಅಂಗೈ ಕೆಳಗೆ ಮಾಡಿ ತಟ್ಟಿದರೆ ನಿಧಾನ. ಕೈ ಯಾವ ಕಡೆ ಸುತ್ತುತ್ತದೋ ಸ್ಟೀರಿಂಗ್ ಆ ಕಡೆ. ಎರಡೂ ಕೈ ಮುಂದಕ್ಕೆ ಚಾಚಿದರೆ ನೇರ ಹೋಗಬೇಕು. “ಡ್ರೈವರ್‌ಗೆ ತನ್ನ ಮುಂದಿನ ಚಕ್ರ ಕಾಣುವುದಿಲ್ಲ. ಕಾಣುವುದು ಸ್ಪಾಟರ್‌ಗೆ ಮಾತ್ರ. ಆದ್ದರಿಂದ ನಿಮ್ಮ ಬುದ್ಧಿ ಓಡಿಸಬೇಡಿ ಮೇಶೊ, ಕೈ ನೋಡಿ. ಒಬ್ಬರ ಕೈ ಮಾತ್ರ ನೋಡಿ” ಎಂದಿದ್ದಳು. ಎಂಥ ಮಾತು! ನನ್ನ ಶಾಲೆಯ ಗಂಟೆಯೇ ಜೀನ್ಸ್ ತೊಟ್ಟು ಬಂದು ನಿಂತಂತೆ ಆಯಿತು.

ಪರೀಕ್ಷೆಯ ಭಾನುವಾರ ಬಂತು. ಪ್ರತಿ ಕಾರಿಗೂ ಇಬ್ಬರು: ಒಬ್ಬರು ಓಡಿಸಬೇಕು, ಒಬ್ಬರು ಸ್ಪಾಟರ್ ಆಗಬೇಕು. ದಿಬ್ಬ ಇಳಿದು, ಕೆಸರು ದಾಟಿ, ಕೊಳದ ಅಂಚಿನಲ್ಲಿ ಬಲಕ್ಕೆ ತಿರುಗಿ ಆಚೆಯ ದಡ ಹತ್ತಿದರೆ ಪಾಸು. ನನ್ನ ಸ್ಪಾಟರ್ ಸುಮಿತ್ರಾ. ಸನ್ನೆಗಳನ್ನೆಲ್ಲ ಅವಳಿಗೆ ಹಿಂದಿನ ದಿನವೇ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಓಡಿಸಿ ಕಲಿಸಿದ್ದೆ. ದಿಬ್ಬದಿಂದ ಅವಳು ನನ್ನನ್ನು ಚೆನ್ನಾಗಿಯೇ ಇಳಿಸಿದಳು. ಕೆಸರಿನ ಅರ್ಧದವರೆಗೂ ಎಲ್ಲ ಸರಿಯಾಗಿತ್ತು. ಅಲ್ಲಿ ಅವಳ ಪಕ್ಕಕ್ಕೆ ಘೋಷ್ ಬೌದಿ ಬಂದು ನಿಂತರು.

ಘೋಷ್ ಬೌದಿ, ಎಂದರೆ ಘೋಷ್ ಅತ್ತಿಗೆ, ಸರದಿಯಲ್ಲಿ ನಮ್ಮ ಹಿಂದಿದ್ದ ಕಾರಿನವರು. ದುಂಡು ಮುಖದ, ಊಟದ ವಿಷಯದಲ್ಲಿ ಅಪಾರ ಕುತೂಹಲದ ಹೆಂಗಸು. ನಾವು ತಂದಿದ್ದ ಬುತ್ತಿಯಲ್ಲಿ ಜೋಳದ ರೊಟ್ಟಿ ನೋಡಿದ್ದರು. ಲಟ್ಟಣಿಗೆಯಿಲ್ಲದೆ ಬರೀ ಕೈಯಲ್ಲಿ ಅಷ್ಟು ತೆಳ್ಳಗೆ ಹೇಗೆ ಎಂದು ಬಂಗಾಳಿಯಲ್ಲಿ ಕೇಳಿದ್ದು ನನಗೆ ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. ಧಾರವಾಡದವಳನ್ನು ಆ ಪ್ರಶ್ನೆ ಕೇಳಿದ ಮೇಲೆ ಮುಗಿಯಿತು.

ಸುಮಿತ್ರಾ ಮೊದಲು ಗಾಳಿಯಲ್ಲೇ ಹಿಟ್ಟು ನಾದಿದಳು. ಎರಡೂ ಮುಷ್ಟಿ ಮೇಲೆದ್ದವು, ನಾನು ನಿಂತೆ. ಕೆಳಗಿಳಿದವು, ಹೊರಟೆ. ಎದ್ದವು, ನಿಂತೆ. ಆಮೇಲೆ ಅಂಗೈ ಕೆಳಗೆ ಮಾಡಿ ಪಟಪಟನೆ ರೊಟ್ಟಿ ಬಡಿದಳು. ನಾನು ಆಮೆಯ ಹಾಗೆ ತೆವಳಿದೆ. ಬಡಿಯುತ್ತಾ ರೊಟ್ಟಿಯನ್ನು ಎಡಕ್ಕೆ ಸುತ್ತಿಸಿದಳು. ಸ್ಟೀರಿಂಗ್ ಪೂರ್ತಿ ಎಡಕ್ಕೆ ಎಳೆದೆ. ಅವಳು ಮಾಡುತ್ತಿರುವುದು ರೊಟ್ಟಿ ಎಂದು ನಿಮಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿ ತಿಳಿಯಿತು. ಕೊಳ ಎದುರಿಗೇ ಇದೆಯೆಂದೂ ಕಾಣುತ್ತಿತ್ತು. ಆದರೆ ನಿಯಮ ನಿಯಮವೇ. ‘ಸ್ಪಾಟರ್ ರೊಟ್ಟಿ ಬಡಿಯುತ್ತಿದ್ದಾಗ ಹೊರತುಪಡಿಸಿ’ ಎಂದು ಮಿತಾಲಿ ಹೇಳಿರಲಿಲ್ಲ. ಇದೊಂದು ಸಲ ತಪ್ಪು ನೂರಕ್ಕೆ ನೂರು ಅವಳದೇ ಆಗುತ್ತದೆಂಬ ಸಣ್ಣ ಸಂತೋಷವೂ ಮನಸ್ಸಿನ ಮೂಲೆಯಲ್ಲಿ ಇತ್ತೆಂದು ಕಾಣುತ್ತದೆ. ಅಷ್ಟರಲ್ಲಿ ರೊಟ್ಟಿ ತೆಳ್ಳಗಾಯಿತು. ಸುಮಿತ್ರಾ ಅದನ್ನು ಎರಡೂ ಕೈಯಲ್ಲಿ ಎತ್ತಿ, ಮುಂದಕ್ಕೆ ಚಾಚಿ, ಹಂಚಿನ ಮೇಲೆ ಹಾಕಿದಳು.

ನಾನು ನೇರ ಹೋದೆ.

ನೀರು ಬಾನೆಟ್ಟಿನ ಮೇಲೆ ಹತ್ತಿತು. ಒಂದು ಬಾತುಕೋಳಿ ಹಾರಿಹೋಯಿತು, ಇನ್ನೊಂದು ಹಾರದೆ ಕನ್ನಡಿಯ ಹತ್ತಿರ ಬಂದು ನನ್ನನ್ನು ದಿಟ್ಟಿಸಿತು. ಕಾರಿನ ಪರದೆ ಏನೇನೋ ಲೆಕ್ಕ ಹಾಕಿ, ಕೊನೆಗೆ ಒಂದು ಕಾಫಿ ಲೋಟದ ಚಿತ್ರ ತೋರಿಸಿ, ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು.

“ಅಯ್ಯ ಶಿವನೇ! ಎಲ್ಲಿಗೆ ಹೊಂಟ್ರೀ?” ದಡದಿಂದ ಸುಮಿತ್ರಾ ಕೂಗಿದಳು.

“ನೀನು ಕಳಿಸಿದಲ್ಲಿಗೆ.”

“ನಾ ರೊಟ್ಟಿ ಬಡದು ತೋರಸಾಕತ್ತಿದ್ದೆ!”

“ನಿಯಮದ ಪ್ರಕಾರ ನಾನು ನಿನ್ನ ಕೈ ಮಾತ್ರ ನೋಡಬೇಕು.”

“ಕೈ ನೋಡಿದ್ರಿ, ಕೊಳ ನೋಡಲಿಲ್ಲಾ? ಕೈ ಮುಗದಿದ್ರ ಗಂಟಿ ಬಾರಸ್ತಿದ್ರೇನು?”

ಘೋಷ್ ಬೌದಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿ ನಿಂತರು. ಅವರ ಭುಜಗಳು ಅಲುಗುತ್ತಿದ್ದವು. ಮಿತಾಲಿ ತನ್ನ ಕಾರಿನ ಉಕ್ಕಿನ ಹಗ್ಗ ಕಟ್ಟಿ ನನ್ನನ್ನು ಎಳೆದು ತೆಗೆದಳು. ಕಾರಿಗೆ ಮಾತ್ರ ಏನೂ ಆಗಿರಲಿಲ್ಲ. “ಮೇಶೊ, ನಾನು ಕಲಿಸಿದ್ದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ” ಎಂದಳು. ನಾನು ಎದೆಯುಬ್ಬಿಸಿ ಕೇಳಿದೆ: “ಹಾಗಾದರೆ ಪಾಸು?” “ಇಲ್ಲ, ಫೇಲು.”

ಪುರುಲಿಯಾ ಕಣ್ಣೆದುರೇ ಕರಗಿತು. ಎಳ್ಳುಬೆಲ್ಲ ತಿಂದವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಆಗ ಮಿತಾಲಿಯೇ, ಜೋಡಿಯಲ್ಲಿ ಇನ್ನೊಬ್ಬರಿಗೂ ಒಂದು ಅವಕಾಶ ಉಂಟು, ಬೇಕಾದರೆ ಮಾಶಿಮಾ ಓಡಿಸಲಿ ಎಂದಳು. ನನಗೆ ನಗು ಬಂತು. ನಮ್ಮ ಹಳೆಯ ಕಾರಿನ ಮೈಮೇಲಿದ್ದ ತಗ್ಗುಗಳೆಲ್ಲ ಸುಮಿತ್ರಾಳ ಕಾಣಿಕೆ. ಅವಳು ಅದಾಗಲೇ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹತ್ತಿ ಕೂತಿದ್ದಳು. ನಾನು ಮುಂದೆ ನಿಂತು, ಬೆನ್ನು ನೆಟ್ಟಗೆ ಮಾಡಿ, ಕೈಪಿಡಿಯಲ್ಲಿ ಚಿತ್ರ ಬರೆಸಿಕೊಳ್ಳಬಹುದಾದಷ್ಟು ಶುದ್ಧವಾಗಿ ಸನ್ನೆ ಮಾಡಿದೆ. ಅವಳು ನನ್ನತ್ತ ಒಮ್ಮೆಯೂ ನೋಡಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರ ನೋಡಿದಳು, ಕೆಸರು ನೋಡಿದಳು, “ಬೌದಿ, ನೀರು ಮಾತ್ರ ಕುದಿಯೋದೇ ಹಾಕಬೇಕ್ರಿ” ಎಂದು ಕನ್ನಡದಲ್ಲೇ ಕೂಗಿದಳು. ನಾನು ಮುಷ್ಟಿ ಎತ್ತಿ ನಿಲ್ಲು ಅನ್ನುತ್ತಿರುವಾಗಲೇ ಪಕ್ಕದಲ್ಲಿ ಹಾದು, ಬಲಕ್ಕೆ ತಿರುಗಿ, ದಡ ಹತ್ತಿ ನಿಂತಳು.

“ಮಾಶಿಮಾ, ಇದನ್ನೆಲ್ಲ ಎಲ್ಲಿ ಕಲಿತಿರಿ?” ಎಂದಳು ಮಿತಾಲಿ.

“ಸಂಜೆ ಹೊತ್ತು ಗರಿಯಾಹಾಟದ ಚೌಕದಲ್ಲಿ ಆಟೋಗಳ ನಡುವೆ ಕಾರು ತಿರುಗಿಸಿದವಳಿಗೆ ಇದೇನು ಮಹಾ?” ಎಂದು ಸುಮಿತ್ರಾ ಹಿಂದಿಯಲ್ಲಿ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ ಸೇರಿಸಿದಳು: “ಇಲ್ಲಿ ಬೈಯವರೂ ಇಲ್ಲ.”

ಹೀಗೆ ನಾವು ಪುರುಲಿಯಾಕ್ಕೆ ಹೋದೆವು. ಓಡಿಸಿದ್ದು ಅವಳು. ಪಕ್ಕದ ಸೀಟಿನಲ್ಲಿ, ತಮ್ಮ ಕಾರನ್ನು ಗಂಡನಿಗೆ ಬಿಟ್ಟು ಬಂದ ಘೋಷ್ ಬೌದಿ, ಮಾತಿಗೆ. ಹಿಂದೆ ಬುತ್ತಿಯ ಡಬ್ಬಿಗಳ ನಡುವೆ ನಾನು. ಆದರೂ ಪಟ್ಟು ಬಿಡಲಿಲ್ಲ. ಪ್ರತಿ ಹಳ್ಳ ಬಂದಾಗಲೂ ಪ್ಯಾಂಟು ಮಡಚಿ ಇಳಿದು ಸ್ಪಾಟರ್ ಆದೆ. ಒಂದು ಕಲ್ಲು ಹಳ್ಳದಲ್ಲಿ ನೀರಿನ ಆಚೆ ನಿಂತು ಮುಷ್ಟಿ ಎತ್ತಿದೆ. ಕಾರು ನನ್ನ ಮೇಲೆ ನೀರು ಎರಚಿ ಮುಂದೆ ಹೋಯಿತು. ಅದರ ಹಿಂದೆ ಒಂದು ಆಡಿನ ಹಿಂಡು ಬರುತ್ತಿತ್ತು. ಅದು ನನ್ನ ಮುಷ್ಟಿ ನೋಡಿ ನಿಂತಿತು. ನಿಜವಾಗಿ ನಿಂತಿತು. ನಾನು ಎರಡೂ ಕೈ ಚಾಚಿದೆ; ಒಂದರ ಹಿಂದೊಂದು, ಸಾಲು ತಪ್ಪದೆ, ಚಹಾ ಪೆಟ್ಟಿಗೆಗಳ ಹಾಗೆ ದಾಟಿದವು. ಕೊನೆಯ ಆಡು ದಾಟುವವರೆಗೂ ಕೈ ಇಳಿಸಲಿಲ್ಲ. ತಿರುಗಿ ನೋಡಿದರೆ ಕಾರು ಇಲ್ಲ.

ಊಟಕ್ಕೆ ಕೂತಾಗ ತಟ್ಟೆ ಹಂಚುವವರು ಕಾಣಲಿಲ್ಲವಾಗಿ ನನ್ನ ನೆನಪಾಯಿತಂತೆ. ಸುಮಿತ್ರಾ ಒಬ್ಬಳೇ ಕಾರು ತಿರುಗಿಸಿಕೊಂಡು ಬಂದಳು. ನಾನು ನಿಂತಲ್ಲೇ ನಿಂತಿದ್ದೆ.

“ಏನ್ರೀ, ಇಲ್ಲೇ ಮುಂದ ಇದ್ದೀವಿ. ನಡಕೋತ ಬರಾಕ ಏನಾಗಿತ್ತು?”

“ಬಾ ಅಂತ ನೀನು ಕೈ ಮಾಡಲಿಲ್ಲವಲ್ಲ” ಎಂದೆ.

ಅವಳು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಹಣೆ ಹಣೆ ಬಡಿದುಕೊಂಡಳು. ಮಿತಾಲಿ ಈ ಸನ್ನೆಯನ್ನು ನಮಗೆ ಕಲಿಸಿರಲಿಲ್ಲ. ಆದರೂ ನನಗೆ ತಕ್ಷಣ ಅರ್ಥವಾಯಿತು. ಹಿಂದಿನ ಬಾಗಿಲು ತೆಗೆದು ಹತ್ತಿ ಕೂತು ಸೀಟ್ ಬೆಲ್ಟ್ ಹಾಕಿಕೊಂಡೆ.